ಸ್ಕೇಲ್ ಗೊತ್ತು, ರಾಗ ಗೊತ್ತಿಲ್ಲ

ಏಬಲ್ಟನ್ ಲೈವ್ 12 ಬಂದದ್ದು 2024ರ ಮಾರ್ಚ್‌ನಲ್ಲಿ. ಅದರಲ್ಲಿ ಹೊಸದೇನಿದೆ ಅಂತ ತೋರಿಸುವ ವಿಡಿಯೋಗಳಿಗೆ ಬರವಿಲ್ಲ. ಹೆಚ್ಚಿನವು ಟೆಕ್ನೋ, ಹೌಸ್ ಮಾಡುವವರ ಕಿವಿಯಿಂದ ಕೇಳಿದಂಥವು. ಆದರೆ ಹಗಲು ಆಫೀಸು, ರಾತ್ರಿ ಹೆಡ್‌ಫೋನ್ ಅಂತ ಬದುಕುವ ನಮ್ಮಲ್ಲಿ ಹಲವರಿಗೆ ಚಿಕ್ಕಂದಿನ ಸರಳೆ, ಜಂಟಿ ವರಸೆ ಇನ್ನೂ ಕಿವಿಯಲ್ಲಿದೆ. ಆ ಕಿವಿಗೆ ಈ ಅಪ್‌ಡೇಟ್ ಏನು ಕೊಟ್ಟಿದೆ ಅಂತ ನೋಡೋಣ.

ಮುಖ್ಯ ಬದಲಾವಣೆ ಮಿಡಿ ಟೂಲ್‌ಗಳದ್ದು. ಕ್ಲಿಪ್ ತೆರೆದರೆ ಪಕ್ಕದಲ್ಲೇ ಎರಡು ಬಗೆಯ ಟೂಲ್ ಸಿಗುತ್ತವೆ. ಜನರೇಟರ್‌ಗಳು ಹೊಸ ನೋಟ್‌ಗಳನ್ನು ಹುಟ್ಟಿಸುತ್ತವೆ, ಟ್ರಾನ್ಸ್‌ಫಾರ್ಮೇಶನ್‌ಗಳು ಇರುವ ನೋಟ್‌ಗಳನ್ನು ಬದಲಿಸುತ್ತವೆ. ಯೂಕ್ಲಿಡಿಯನ್ ಅನ್ನೋ ಜನರೇಟರ್ ನೋಡಿ: ಇಷ್ಟು ಹೆಜ್ಜೆಯಲ್ಲಿ ಇಷ್ಟು ಪೆಟ್ಟು ಅಂದರೆ, ಆದಷ್ಟು ಸಮನಾಗಿ ಹಂಚಿಕೊಡುತ್ತದೆ. ಏಳರಲ್ಲಿ ಮೂರು ಕೇಳಿ, ಸ್ವಲ್ಪ ತಿರುಗಿಸಿದರೆ 3+2+2 ಸಿಗುತ್ತದೆ. ಬಾಯಲ್ಲಿ ಹೇಳಿಕೊಳ್ಳಿ: ತಕಿಟ, ತಕ, ಧಿಮಿ. ಮಿಶ್ರ ಚಾಪು! ಬರ್ಲಿನ್‌ನಲ್ಲಿ ಕೂತವರು ಮಿಶ್ರ ಚಾಪಿನ ಯೋಚನೆಯಲ್ಲಿ ಇದನ್ನು ಮಾಡಿರಲಿಕ್ಕಿಲ್ಲ. ಲೆಕ್ಕ ಮಾತ್ರ ಒಂದೇ, ಹಾಗಾಗಿ ನಮಗೂ ಒದಗುತ್ತದೆ. ತಾಳದ ಮಟ್ಟಿಗೆ ದೂರಿಲ್ಲ.

ತೊಂದರೆ ಶುರುವಾಗುವುದು ಸ್ವರಕ್ಕೆ ಬಂದಾಗ. ಈ ಸಲ ಸ್ಕೇಲ್ ಬಗ್ಗೆ ಬಹಳ ಮುತುವರ್ಜಿ ವಹಿಸಿದ್ದಾರೆ. ಒಂದು ಸ್ಕೇಲ್ ಆರಿಸಿದರೆ ಟೂಲ್‌ಗಳೂ ಅದನ್ನೇ ಪಾಲಿಸುತ್ತವೆ. ಪಟ್ಟಿಯಲ್ಲಿ ಭೈರವ್ ಅಂತಲೂ ಇದೆ. ಅದರ ಸ್ವರಗಳು ನಾವು ಪಾಠ ಶುರು ಮಾಡಿದ ಮಾಯಾಮಾಳವಗೌಳದ್ದೇ. ಖುಷಿಯಾಗುತ್ತೆ, ಅಲ್ವಾ? ಈಗ ಅದನ್ನಿಟ್ಟುಕೊಂಡು ಮಲಹರಿ ಮಾಡಲು ನೋಡಿ. ಪಿಳ್ಳಾರಿ ಗೀತೆ ಕಲಿತವರಿಗೆಲ್ಲ ಗೊತ್ತಿರುವ ರಾಗ. ಅದರಲ್ಲಿ ನಿಷಾದವೇ ಇಲ್ಲ, ಗಾಂಧಾರ ಇಳಿಯುವಾಗ ಮಾತ್ರ. ಸೀಡ್ ಅನ್ನೋ ಜನರೇಟರ್ ಲಾಟರಿ ಎತ್ತಿದ ಹಾಗೆ ನೋಟ್ ಚೆಲ್ಲುತ್ತದೆ. ಹತ್ತುವಾಗ 'ಗ' ಬಂದರೂ ಅದಕ್ಕೆ ತಪ್ಪಲ್ಲ, ಯಾಕಂದರೆ ಅದು ಸ್ಕೇಲ್ ಒಳಗೇ ಇದೆ. ಲೈವ್‌ಗೆ ಸ್ಕೇಲ್ ಅಂದರೆ ಒಂದು ಡಬ್ಬಿ. ನಮಗೆ ರಾಗ ಅಂದರೆ ದಾರಿ. ಹೋಗುವ ದಾರಿ ಬೇರೆ, ಬರುವ ದಾರಿ ಬೇರೆ.

ಇಲ್ಲಿ ಕೈಹಿಡಿಯುವುದು ಮ್ಯಾಕ್ಸ್ ಫಾರ್ ಲೈವ್. ಚಿಕ್ಕ ಚಿಕ್ಕ ಪೆಟ್ಟಿಗೆಗಳನ್ನು ತಂತಿಯಲ್ಲಿ ಜೋಡಿಸಿ ನಮ್ಮದೇ ಉಪಕರಣ ಕಟ್ಟಿಕೊಳ್ಳುವ ವ್ಯವಸ್ಥೆ ಇದು. 12ರಲ್ಲಿ ಅದರಿಂದ ನಮ್ಮದೇ ಮಿಡಿ ಟೂಲ್ ಕೂಡ ಮಾಡಬಹುದು. ಕ್ಲಿಪ್‌ನ ನೋಟ್‌ಗಳು ಒಂದು ಕಡೆಯಿಂದ ಪಟ್ಟಿಯಾಗಿ ಒಳಗೆ ಬರುತ್ತವೆ, ತಿದ್ದಿ ಇನ್ನೊಂದು ಕಡೆಯಿಂದ ಹೊರಗೆ ಕಳಿಸಬೇಕು. ಮಲಹರಿಯ ನಿಯಮ ಬರೆಯುವುದು ಕಷ್ಟವಲ್ಲ: 'ನಿ' ಸಿಕ್ಕರೆ ತೆಗೆ, 'ಗ' ಆದಮೇಲಿನ ಸ್ವರ ಮೇಲಿದ್ದರೆ ಆ 'ಗ'ವನ್ನೂ ತೆಗೆ. ಇಷ್ಟಕ್ಕೇ ಅದು ಮಲಹರಿ ಆಗಿಬಿಡುವುದಿಲ್ಲ, ಅಪಸ್ವರವಂತೂ ನಿಲ್ಲುತ್ತದೆ. ನನ್ನ ಮಟ್ಟಿಗೆ ಇಡೀ ಅಪ್‌ಡೇಟ್‌ನಲ್ಲಿ ದೊಡ್ಡ ಕೊಡುಗೆ ಇದೇ.

ಆದರೆ ಗಮಕ? ಹೊಸ ಟ್ಯೂನಿಂಗ್ ಸಿಸ್ಟಮ್ಸ್‌ನಿಂದ ಪಿಯಾನೋದ ಹನ್ನೆರಡು ಸಮಭಾಗದ ಬಂಧನ ಸಡಿಲವಾಗಿದೆ ನಿಜ. ಸ್ಕಾಲಾ ಫೈಲ್ ಹಾಕಿ ಬೇಕಾದ ಶ್ರುತಿ ತಂದುಕೊಳ್ಳಬಹುದು. ಆದರೆ ಅದು ಹೇಳುವುದು ಸ್ವರ ಎಲ್ಲಿ ನಿಲ್ಲಬೇಕು ಅಂತ. ತೋಡಿಯ ಗಾಂಧಾರ ನೆಟ್ಟಗೆ ನಿಲ್ಲುವುದೇ ಅಪರೂಪ. ರಿ ಕಡೆಗೂ ಮ ಕಡೆಗೂ ತೂಗುವುದೇ ಅದರ ಗುಣ. ಈ ತೂಗಾಟಕ್ಕೆ ಎಂಪಿಇ ಇದೆ, ಒಂದೊಂದು ನೋಟ್‌ಗೂ ಪ್ರತ್ಯೇಕ ಪಿಚ್ ಗೆರೆ ಎಳೆಯಬಹುದು. ಅದಕ್ಕಂತಲೇ ಲೈವ್‌ನಲ್ಲಿ ಗ್ಲಿಸಾಂಡೋ, ಎಲ್‌ಎಫ್‌ಒ ಅನ್ನೋ ಎರಡು ಟೂಲ್ ಕೊಟ್ಟಿದ್ದಾರೆ. ಗ್ಲಿಸಾಂಡೋ ಜಾರುವಿಕೆಗೆ ಅಡ್ಡಿಯಿಲ್ಲ. ಎಲ್‌ಎಫ್‌ಒ ಮಾತ್ರ ಸೀಲಿಂಗ್ ಫ್ಯಾನ್ ತಿರುಗಿದ ಹಾಗೆ, ಒಂದೇ ಸಮ. ಕಂಪಿತ ಹಾಗಿರಲ್ಲ. ಎಲ್ಲಿ ತಡೆಯಬೇಕು, ಎಲ್ಲಿ ಬಿಡಬೇಕು ಅನ್ನುವುದರಲ್ಲೇ ಅದರ ಜೀವ.

ಸರಿ, ಅದನ್ನೂ ನಾವೇ ಮ್ಯಾಕ್ಸ್‌ನಲ್ಲಿ ಕಟ್ಟಿಕೊಳ್ಳೋಣ ಅಂದರೆ ಬಾಗಿಲು ಅರ್ಧವೇ ತೆರೆದಿದೆ. ನಮ್ಮ ಟೂಲ್ ಕೈಗೆ ಬರುವುದು ಸ್ವರಸ್ಥಾನ, ಶುರುವಾಗುವ ಸಮಯ, ಅವಧಿ, ಒತ್ತು, ಸಂಭವನೀಯತೆ ಇಂಥವು. ಪಿಚ್ ಗೆರೆ ಆ ಪಟ್ಟಿಯಲ್ಲಿಲ್ಲ. ಅಂದರೆ ಮನೆಯವರ ಟೂಲ್‌ಗಳು ಮುಟ್ಟುವ ಗೆರೆಯನ್ನು ನಾವು ಕಟ್ಟಿದ ಟೂಲ್ ಮುಟ್ಟುವಂತಿಲ್ಲ. ನನ್ನ ತಕರಾರು ಇದೊಂದೇ, ಆದರೆ ದೊಡ್ಡದು. ಬರ್ಲಿನ್‌ನವರು ನಮಗೆ ಗಮಕ ಕಲಿಸಿಕೊಡಲಿ ಅಂತ ಯಾರೂ ಕೇಳುತ್ತಿಲ್ಲ. ಗೊತ್ತಿರುವವರು ಕಟ್ಟಿಕೊಳ್ಳಲು ಜಾಗ ಬಿಟ್ಟರೆ ಸಾಕು.

ಇನ್ನು ದುಡ್ಡಿನ ವಿಷಯ. ಮ್ಯಾಕ್ಸ್ ಫಾರ್ ಲೈವ್ ಸೇರಿಕೊಂಡು ಬರುವುದು ಎಲ್ಲಕ್ಕಿಂತ ದುಬಾರಿಯಾದ ಸೂಟ್ ಆವೃತ್ತಿಯಲ್ಲಿ. ಸ್ಟ್ಯಾಂಡರ್ಡ್ ಇದ್ದವರು ಅದಕ್ಕೆ ಬೇರೆ ದುಡ್ಡು ಕೊಡಬೇಕು. ಮೇಜರ್, ಮೈನರ್‌ನಲ್ಲಿ ಕೆಲಸ ಮಾಡುವವರಿಗೆ ಡಬ್ಬಿಯಲ್ಲಿ ಬಂದದ್ದೇ ಸಾಕು. ರಾಗದವರಿಗೆ ಮಾತ್ರ ರಿಪೇರಿ ಸಾಮಾನು ಬೇಕು, ಅದರ ಬಿಲ್ಲೂ ಅವರ ಮೇಲೇ.

ಹಾಗಾದರೆ ತಗೋಬೇಕಾ? ತಾಳ ಮುಖ್ಯ ಅನ್ನುವವರು, ಪ್ಯಾಚ್ ಕಟ್ಟುವ ತಾಳ್ಮೆ ಇರುವವರು ಧಾರಾಳವಾಗಿ ತಗೊಳ್ಳಿ. ಗಮಕಕ್ಕಾಗಿ ಮಾತ್ರ ಅಪ್‌ಗ್ರೇಡ್ ಮಾಡುವವರು ಸದ್ಯಕ್ಕೆ ಕಾಯಬಹುದು. ಅಲ್ಲಿಯವರೆಗೆ ಹಾಡುವ ಗೆಳತಿಯನ್ನೋ ಪಿಟೀಲು ನುಡಿಸುವ ಗೆಳೆಯನನ್ನೋ ಕರೆದು ಮೈಕ್ ಮುಂದೆ ಕೂರಿಸಿ. ಹಾಗೆ ರೆಕಾರ್ಡ್ ಮಾಡಲು ಹಳೆಯ ಆವೃತ್ತಿಯೇ ಸಾಕು.