ಬಾಯಿ ಯಾರದು, ಮಾತು ಯಾರದು?

ಸರಕನ್ನು ತಯಾರಿಸಿದವನು ಅದರ ಗುಣವನ್ನು ಹತ್ತು ಜನರಿಗೆ ತಿಳಿಸಬಯಸುವುದು ಸಹಜ. ತಿಳಿಸದೆ ಹೋದರೆ ಒಳ್ಳೆಯ ಸರಕೂ ಅಂಗಡಿಯ ಮೂಲೆಯಲ್ಲಿ ಧೂಳು ಹಿಡಿಯುತ್ತದೆ. ಆದ್ದರಿಂದ ಪ್ರಚಾರವೇ ದೋಷವೆಂಬ ವಾದವನ್ನು ಈ ಲೇಖನ ಒಪ್ಪುವುದಿಲ್ಲ. ಪ್ರಚಾರ ಯಾವ ಹಂತದಲ್ಲಿ ವಂಚನೆಯಾಗುತ್ತದೆ ಎಂಬುದಷ್ಟೇ ಇಲ್ಲಿನ ವಿಚಾರ. ಈ ವಿವೇಚನೆಗೆ ಎಡ್ವರ್ಡ್ ಬರ್ನೇಸ್ ಅವರು 1928ರಲ್ಲಿ ಅಮೆರಿಕೆಯಲ್ಲಿ ಪ್ರಕಟಿಸಿದ ‘ಪ್ರೊಪಗ್ಯಾಂಡ’ ಎಂಬ ಗ್ರಂಥ ತಕ್ಕ ಆಧಾರ. ವಿಯೆನ್ನಾದಲ್ಲಿ 1891ರಲ್ಲಿ ಹುಟ್ಟಿ, ನ್ಯೂಯಾರ್ಕಿನಲ್ಲಿ ಬೆಳೆದು, 1995ರಲ್ಲಿ ತಮ್ಮ 103ನೆಯ ವಯಸ್ಸಿನಲ್ಲಿ ತೀರಿಕೊಂಡ ಬರ್ನೇಸ್ ಅವರು ಮನಶ್ಶಾಸ್ತ್ರಜ್ಞ ಸಿಗ್ಮಂಡ್ ಫ್ರಾಯ್ಡರ ಸೋದರಳಿಯ. ಸಾರ್ವಜನಿಕ ಸಂಪರ್ಕವನ್ನು ಒಂದು ವೃತ್ತಿಯಾಗಿ ರೂಪಿಸಿದವರಲ್ಲಿ ಅವರು ಪ್ರಮುಖರು.

ಗ್ರಂಥದ ತಿರುಳನ್ನು ಅವರೇ ಕೊಡುವ ಒಂದು ನಿದರ್ಶನದಿಂದ ತಿಳಿಯಬಹುದು. ಹಳೆಯ ಕಾಲದ ಮಾರಾಟಗಾರ ಗಿರಾಕಿಯ ಮುಂದೆ ನಿಂತು ಪಿಯಾನೋ ಕೊಳ್ಳಿರೆಂದು ಕೇಳುತ್ತಿದ್ದ. ಹೊಸ ಕಾಲದ ಪ್ರಚಾರತಜ್ಞ ಹಾಗೆ ಕೇಳುವುದಿಲ್ಲ. ಮನೆಯಲ್ಲಿ ಸಂಗೀತಕ್ಕೆಂದೇ ಒಂದು ಕೊಠಡಿ ಇರಬೇಕೆಂಬ ಭಾವನೆಯನ್ನು ಗೃಹಾಲಂಕಾರ ನಿಪುಣರು, ಕಲಾವಿದರು, ವಾಸ್ತುಶಿಲ್ಪಿಗಳ ಮೂಲಕ ಸಮಾಜದಲ್ಲಿ ಹರಡುತ್ತಾನೆ. ಕೊಠಡಿ ಕಟ್ಟಿಸಿದವನಿಗೆ ಪಿಯಾನೋದ ಬಯಕೆ ತಾನಾಗಿಯೇ ಹುಟ್ಟುತ್ತದೆ. ಅದು ತನ್ನ ಸ್ವಂತ ಆಲೋಚನೆಯೆಂದೇ ಅವನು ನಂಬುತ್ತಾನೆ.

ಜಾಹೀರಾತಿಗೂ ಈ ಬಗೆಯ ಪ್ರಚಾರಕ್ಕೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ. ಜಾಹೀರಾತಿನಲ್ಲಿ ಮಾರುವವನು ಹಣ ಕೊಟ್ಟ ಜಾಗದಲ್ಲಿ ತನ್ನ ಹೆಸರಿನಿಂದಲೇ ಮಾತನಾಡುತ್ತಾನೆ. ಆತ ತನ್ನ ಸರಕನ್ನು ಹೊಗಳುವುದು ಸಹಜವೆಂದರಿತ ಓದುಗ ಆ ಹೊಗಳಿಕೆಯಲ್ಲಿ ಒಂದು ಪಾಲನ್ನು ಕಳೆದುಕೊಂಡೇ ಓದುತ್ತಾನೆ. ಮಾತು ವೈದ್ಯನದೋ, ಕಲಾವಿದನದೋ, ಸಮಾಜಸೇವಕನದೋ ಆಗಿ ಬಂದಾಗ ಹಾಗೆ ಕಳೆಯಲು ಅವನಿಗೆ ಕಾರಣವೇ ತೋರುವುದಿಲ್ಲ.

ಬರ್ನೇಸ್ ಅವರು ನೀತಿಯ ಪ್ರಶ್ನೆಯನ್ನು ಕಡೆಗಣಿಸಿದ್ದಾರೆಂದು ಹೇಳಿದರೆ ಅನ್ಯಾಯವಾದೀತು. ಸುಳ್ಳೆಂದು ತಿಳಿದೂ ಹರಡುವುದು, ಲೋಕಹಿತಕ್ಕೆ ಧಕ್ಕೆ ತರುವ ಉದ್ದೇಶವಿಟ್ಟುಕೊಳ್ಳುವುದು, ಈ ಎರಡು ಸಂದರ್ಭಗಳಲ್ಲಿ ಪ್ರಚಾರ ದುಷ್ಟವಾಗುತ್ತದೆಂದು ಅವರು ಒಪ್ಪುತ್ತಾರೆ. ಅಪ್ರಾಮಾಣಿಕ ಗಿರಾಕಿಯನ್ನೂ ಮೋಸದ ಸರಕನ್ನೂ ತಜ್ಞನು ನಿರಾಕರಿಸಬೇಕೆಂದೂ ಬರೆಯುತ್ತಾರೆ. ಓದಿದರೆ ಮೆಚ್ಚುವಂತಹ ಮಾತುಗಳೇ. ಆದರೆ ಮೂರನೆಯದೊಂದು ದೋಷ ಈ ಪಟ್ಟಿಯಿಂದ ಬಿಟ್ಟುಹೋಗಿದೆ: ಮಾತನಾಡಿಸುತ್ತಿರುವವನು ಯಾರೆಂಬುದನ್ನು ಬಚ್ಚಿಡುವುದು. ಆ ಬಿರುಕು ಎಷ್ಟು ದೊಡ್ಡದೆಂಬುದನ್ನು ಗ್ರಂಥಕರ್ತರ ಕೆಲಸವೇ ತೋರಿಸಿತು.

1929ರ ಮಾರ್ಚ್ 31, ಈಸ್ಟರ್ ಭಾನುವಾರ. ನ್ಯೂಯಾರ್ಕಿನ ಐದನೆಯ ಅವೆನ್ಯೂದಲ್ಲಿ ಕೆಲವು ಯುವತಿಯರು ಬಹಿರಂಗವಾಗಿ ಸಿಗರೇಟು ಹಚ್ಚಿಕೊಂಡು ನಡೆದರು. ಅವು ಸಿಗರೇಟುಗಳಲ್ಲ, ‘ಸ್ವಾತಂತ್ರ್ಯದ ಪಂಜುಗಳು’ ಎಂಬ ವ್ಯಾಖ್ಯಾನ ಹಬ್ಬಿತು. ಪತ್ರಿಕೆಗಳು ಅದನ್ನು ಸುದ್ದಿಯಾಗಿಯೇ ಪ್ರಕಟಿಸಿದವು. ಲಕಿ ಸ್ಟ್ರೈಕ್ ಸಿಗರೇಟಿನ ಒಡೆಯರಾದ ಅಮೆರಿಕನ್ ಟೊಬ್ಯಾಕೋ ಕಂಪನಿಗಾಗಿ ಬರ್ನೇಸ್ ಅವರು ಇದನ್ನು ಏರ್ಪಡಿಸಿದ್ದರು. ನಡೆದವರಲ್ಲಿ ಒಬ್ಬಾಕೆ ಅವರ ಕಾರ್ಯದರ್ಶಿಯೇ. ಹಣ ಕೊಟ್ಟವರ ಹೆಸರು ಮಾತ್ರ ಮರೆಯಲ್ಲಿ ಉಳಿಯಿತು.

ಇಲ್ಲಿ ಸುಳ್ಳು ಯಾವುದು? ಯುವತಿಯರು ನಡೆದದ್ದು ನಿಜ, ಸ್ತ್ರೀಯರಿಗೆ ಸಮಾನತೆ ಬೇಕೆಂಬುದೂ ನಿಜ. ಇನ್ನು ಲೋಕಹಿತದ ಮಾತು. ಧೂಮಪಾನದಿಂದ ಕ್ಯಾನ್ಸರ್ ಬರುವುದೆಂದು ಅಮೆರಿಕೆಯ ಸರ್ಜನ್ ಜನರಲ್ ವರದಿ ಸಾರಿದ್ದು 1964ರಲ್ಲಿ; ಬರ್ನೇಸ್ ಅವರೂ ಮುಂದೆ ಸಿಗರೇಟಿನ ವಿರುದ್ಧ ಕೆಲಸ ಮಾಡಿದರು. ಅಂದರೆ 1929ರಲ್ಲಿ ಅವರ ಎರಡು ನಿಯಮಗಳೂ ಈ ಕೃತ್ಯವನ್ನು ತಡೆಯುತ್ತಿರಲಿಲ್ಲ. ತಡೆಯಬಲ್ಲದ್ದು ಮೂರನೆಯದೊಂದೇ. ಈ ಮೆರವಣಿಗೆಗೆ ಹಣ ಕೊಟ್ಟವರು ಸಿಗರೇಟು ಮಾರುವವರು ಎಂಬ ಒಂದು ಸಾಲು ಸುದ್ದಿಯೊಡನೆ ಅಚ್ಚಾಗಿದ್ದರೆ, ಓದಿದ ಹೆಣ್ಣುಮಗಳು ತನ್ನ ಬುದ್ಧಿಯಿಂದ ತೂಗಿ ನೋಡುತ್ತಿದ್ದಳು. ಹಾನಿ ಇನ್ನೂ ತಿಳಿಯದಿದ್ದಾಗಲೂ ಜನರನ್ನು ಕಾಯಬಲ್ಲದ್ದು ಮಾತಿನ ಒಡೆತನದ ಬಹಿರಂಗ.

ನಮ್ಮ ಧರ್ಮದರ್ಶಿ ಮಂಡಳಿಗಳು ವಿಶೇಷವಾಗಿ ಗಮನಿಸಬೇಕಾದ ಪ್ರಸಂಗ 1934ರದು. ಲಕಿ ಸ್ಟ್ರೈಕ್ ಪೊಟ್ಟಣದ ಹಸಿರು ಬಣ್ಣ ತಮ್ಮ ಉಡುಪಿಗೆ ಒಪ್ಪುವುದಿಲ್ಲವೆಂದು ಮಹಿಳೆಯರು ಹಿಂಜರಿಯುತ್ತಿದ್ದಾರೆಂದು ಕಂಪನಿ ಭಾವಿಸಿತು. ಪೊಟ್ಟಣವನ್ನು ಬದಲಿಸದೆ, ಹಸಿರನ್ನೇ ಆ ವರ್ಷದ ಬಣ್ಣವಾಗಿಸಲು ಬರ್ನೇಸ್ ಅವರು ಹೊರಟರು. ನ್ಯೂಯಾರ್ಕಿನ ಗಣ್ಯ ಮಹಿಳೆಯರ ನೇತೃತ್ವದಲ್ಲಿ ಹಸಿರು ಉಡುಪಿನ ಭವ್ಯ ಸಮಾರಂಭವೊಂದು ಏರ್ಪಾಡಾಯಿತು. ಉದ್ದೇಶ ಮಹಿಳೆಯರ ಆಸ್ಪತ್ರೆಯೊಂದಕ್ಕೆ ಸಹಾಯಧನ; ವೆಚ್ಚ ಹೊತ್ತವರು ಹೆಸರಿಲ್ಲದ ದಾನಿ. ಆಸ್ಪತ್ರೆಗೆ ನೆರವಾಗಲೆಂದೇ ಬಂದ ಸಜ್ಜನರು ತಾವರಿಯದೆ ಪೊಟ್ಟಣವೊಂದರ ಬಣ್ಣಕ್ಕೆ ಗೌರವ ತಂದುಕೊಟ್ಟರು. ಗುಪ್ತದಾನವನ್ನು ನಾವು ಶ್ರೇಷ್ಠವೆನ್ನುತ್ತೇವೆ. ಆದರೆ ಕೀರ್ತಿಯನ್ನು ತೊರೆಯಲು ಹೆಸರನ್ನು ಮರೆಸುವುದು ಬೇರೆ, ಲಾಭವನ್ನು ಗಳಿಸಲು ಮರೆಸುವುದು ಬೇರೆ.

ಈ ವೃತ್ತಿಗೆ ಗುಟ್ಟು ಅನಿವಾರ್ಯವೆಂದು ಹೇಳುವಂತಿಲ್ಲ. ಬರ್ನೇಸ್ ಅವರ ಗ್ರಂಥಕ್ಕೂ ಹಿಂದೆ, 1906ರಲ್ಲಿಯೇ, ಐವಿ ಲೀ ಎಂಬವರು ತಮ್ಮ ಕಚೇರಿಯ ಕೆಲಸವೆಲ್ಲ ಬಹಿರಂಗವಾಗಿಯೇ ನಡೆಯುವುದೆಂದು ಪತ್ರಿಕೆಗಳಿಗೆ ಲಿಖಿತ ಘೋಷಣೆ ಕಳುಹಿಸಿದ್ದರು. ಅವರು ಅದನ್ನು ಸದಾ ಪಾಲಿಸಿದರೇ ಎಂಬುದು ಬೇರೆ ಮಾತು, ದಾರಿಯಂತೂ ತಿಳಿದಿತ್ತು. ನಮ್ಮ ದೇಶದಲ್ಲಿಯೂ 2022ರ ಜೂನ್ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಗಳು, ನಿಷಿದ್ಧ ಸರಕನ್ನು ಮತ್ತೊಂದರ ಹೆಸರಿನಲ್ಲಿ ಮೆರೆಸುವ ಮರೆಯ ಜಾಹೀರಾತುಗಳನ್ನು ನಿಷೇಧಿಸಿವೆ. ಸರಕನ್ನು ಹೊಗಳುವ ವ್ಯಕ್ತಿಗೂ ವ್ಯಾಪಾರಿಗೂ ಇರುವ, ಜನರು ಊಹಿಸಲಾರದ ಸಂಬಂಧವನ್ನು ಪೂರ್ಣವಾಗಿ ಪ್ರಕಟಿಸಬೇಕೆಂದೂ ವಿಧಿಸಿವೆ. ಬರ್ನೇಸ್ ಅವರು ಬಿಟ್ಟ ಮೂರನೆಯ ನಿಯಮಕ್ಕೆ ಹೀಗೆ ಕಾನೂನಿನಲ್ಲಿ ಸ್ಥಾನ ದೊರೆತಿದೆ.

ಕಾನೂನು ತಲುಪದ ಸ್ಥಳಗಳೂ ಉಂಟು. ವೈದ್ಯಕೀಯ ಶಿಬಿರಕ್ಕೆ ಔಷಧ ವ್ಯಾಪಾರಿ ಹಣ ಕೊಡಬಹುದು, ವಿದ್ಯಾರ್ಥಿವೇತನಕ್ಕೆ ಭೂವ್ಯಾಪಾರಿ ಕೊಡಬಹುದು. ಸ್ವೀಕರಿಸುವುದು ತಪ್ಪಲ್ಲ. ಆದರೆ ಸ್ವೀಕರಿಸುವ ಮುನ್ನ ಮಂಡಳಿ ಒಂದು ಪ್ರಶ್ನೆ ಕೇಳಬೇಕು: ಕೊಟ್ಟವರು ಯಾರು, ಅವರು ಮಾರುವುದೇನು ಎಂಬುದನ್ನು ನೆರೆದ ಜನರಿಗೆಲ್ಲ ಕೇಳುವಂತೆ ಹೇಳಬಹುದೇ? ಹೇಳಬಹುದಾದರೆ ಅದು ವ್ಯಾಪಾರದ ಜೊತೆಗೂಡಿದ ಉಪಕಾರ. ಹೇಳಕೂಡದೆಂದು ದಾನಿಯೇ ಬಯಸಿ, ಲಾಭವೂ ಅವನಿಗೇ ಸಲ್ಲುವುದಾದರೆ, ಅವನು ಕೊಳ್ಳುತ್ತಿರುವುದು ಸಂಸ್ಥೆಯ ಬಾಯಿಯನ್ನು.