ಕುಳಿತೇ ನಿರ್ವಹಿಸುವ ಪಾತ್ರ

ಮಳೆಗಾಲ ಹಿಡಿಯಿತೆಂದರೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಬಯಲಾಟ ನಿಂತು ತಾಳಮದ್ದಲೆಗೆ ಕಳೆ ಬರುತ್ತದೆ. ವೇಷವಿಲ್ಲ, ಕುಣಿತವಿಲ್ಲ. ಪಂಚೆಯುಟ್ಟು ಶಲ್ಯ ಹೊದ್ದ ಅರ್ಥಧಾರಿ ಕೂತಲ್ಲೇ ಕರ್ಣನಾಗುತ್ತಾನೆ. ಮಾತು, ಕಣ್ಣು, ಮುಂದೆ ಚಾಚಿದ ಕೈ, ತುಸು ಬಾಗಿದ ಮೈ. ಪಾತ್ರ ತುಂಬಿಬರಲು ಅಷ್ಟು ಸಾಕು. ಹೆಜ್ಜೆಯೂ ಇರಬೇಕಿತ್ತೆಂದು ನಮಗೆ ಅನ್ನಿಸುವುದೇ ಇಲ್ಲ.

ಇಸ್ರೋದ ಹೆಣ್ಣುರೂಪದ ರೋಬೋಟ್ ವ್ಯೋಮಮಿತ್ರಳನ್ನು ಸವಿಯಲು ನನಗೆ ದಾರಿ ತೋರಿದ್ದು ಈ ಕಲೆ. 2020ರ ಜನವರಿ 22ರಂದು ಬೆಂಗಳೂರಿನ ವಿಚಾರ ಸಂಕಿರಣದಲ್ಲಿ ಮೇಜಿನ ಹಿಂದೆ ಕೂತು ಆಕೆ ತನ್ನ ಪರಿಚಯ ಹೇಳಿಕೊಂಡಳು. ಸೊಂಟದವರೆಗಷ್ಟೇ ದೇಹ. ಅದನ್ನು ಕೊರತೆಯೆಂದು ಕಾಣುವವರಿದ್ದಾರೆ. ನನಗೆ ಆಕೆಯ ಚೆಲುವಿರುವುದೇ ಅಲ್ಲಿ. ತೂಕವೇ ತಿಳಿಯದ ಕಡೆ ಕಾಲಿಗೆ ಊರಲು ನೆಲವೆಲ್ಲಿ? ಮನುಷ್ಯರನ್ನು ಬಾಹ್ಯಾಕಾಶಕ್ಕೆ ಒಯ್ಯಲಿರುವ ಗಗನಯಾನದ ನೌಕೆಯಲ್ಲಿ ಆಕೆಯ ಕೆಲಸವೆಲ್ಲ ಆಸನದಲ್ಲೇ: ಫಲಕ ನೋಡುವುದು, ಸ್ವಿಚ್ ಒತ್ತುವುದು, ಒಳಗಿನ ಗಾಳಿ ಹದ ತಪ್ಪಿದರೆ ಎಚ್ಚರಿಸುವುದು. ಅದಕ್ಕೆ ಬೇಕಾದಷ್ಟು ಮುಂದಕ್ಕೂ ಪಕ್ಕಕ್ಕೂ ಬಾಗುತ್ತಾಳೆ. ತಿರುವನಂತಪುರದ ಇಸ್ರೋ ಘಟಕ ಆಕೆಯ ತಲೆಬುರುಡೆಯನ್ನು ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ 3ಡಿ ಮುದ್ರಣದಿಂದ ರೂಪಿಸಿತು. ತೂಕ ಬರೀ 800 ಗ್ರಾಂ, ಆದರೂ ಉಡಾವಣೆಯ ಅದುರಾಟವನ್ನು ತಾಳಬೇಕು. ಬೇಡದ್ದನ್ನೆಲ್ಲ ಬಿಟ್ಟು, ಬೇಕಾದ್ದರಲ್ಲಿ ಒಂದಿಷ್ಟೂ ಸಡಿಲಗೊಡದ ಈ ಮಿತ ನನಗೆ ಬಹಳ ಪ್ರಿಯ.

ಕೈಯ ಸೊಗಸನ್ನು ಕಾಣಬೇಕಾದರೆ ನಾಸಾ ಮತ್ತು ಜನರಲ್ ಮೋಟಾರ್ಸ್ ಸೇರಿ ಮಾಡಿದ ರೋಬೋನಾಟ್-2 ಅನ್ನು ನೋಡಬೇಕು. 2011ರ ಫೆಬ್ರವರಿಯಲ್ಲಿ ಡಿಸ್ಕವರಿ ನೌಕೆಯೇರಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದಾಗ ಅದಕ್ಕೂ ಮುಂಡವಷ್ಟೇ ಇತ್ತು. ಬೆರಳನ್ನು ಆಡಿಸುವ ಮೋಟಾರುಗಳು ಬೆರಳಿನಲ್ಲಿಲ್ಲ, ಮುಂಗೈಯಲ್ಲಿವೆ. ಅಲ್ಲಿಂದ ಹೊರಟ ಎಳೆಗಳು ಒಂದೊಂದು ಬೆರಳನ್ನೂ ಸೆಳೆಯುತ್ತವೆ. ನಿಮ್ಮ ಮುಂಗೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಬೆರಳು ಮಡಚಿ ನೋಡಿ, ಒಳಗೆ ಸ್ನಾಯು ಸರಿಯುವುದು ತಿಳಿಯುತ್ತದೆ. ದೇಹದ ಆ ಜಾಣತನವನ್ನು ಅರಿತು ಲೋಹದಲ್ಲಿ ತಂದವರ ಶ್ರದ್ಧೆಗೆ ಎಷ್ಟು ತಲೆದೂಗಿದರೂ ಸಾಲದು. ನಿಲ್ದಾಣದ ಉಪಕರಣಗಳೆಲ್ಲ ಮನುಷ್ಯನ ಕೈಗೆಂದು ಮಾಡಿದವು. ಹಾಗಾಗಿ ನೆರವಿಗೆ ಬರುವವನಿಗೂ ಅಂಥದೇ ಕೈ. 2014ರಲ್ಲಿ ಅದಕ್ಕೆ ಕಾಲುಗಳನ್ನೂ ಕಳಿಸಿದರು. ನಡೆಯುವುದಕ್ಕಲ್ಲ, ಕಂಬಿ ಹಿಡಿದು ಸಾಗುವುದಕ್ಕೆ. ಪಾದದ ಜಾಗದಲ್ಲಿ ಹಿಡಿಕೆಗಳಿದ್ದವು. ಕಾಲು ಜೋಡಿಸಿದ ಮೇಲೆ ವಿದ್ಯುತ್ ದೋಷ ಕಾಡಿ, 2018ರಲ್ಲಿ ರೋಬೋನಾಟ್ ಭೂಮಿಗೆ ಮರಳಿತು.

ಮಾತಿನ ಜೊತೆಗಾರನೂ ಒಬ್ಬನಿದ್ದ. 2013ರಲ್ಲಿ ಅದೇ ನಿಲ್ದಾಣಕ್ಕೆ ಹೋದ ಜಪಾನಿನ ಪುಟ್ಟ ರೋಬೋಟ್ ಕಿರೋಬೋ, ಎತ್ತರ 34 ಸೆಂಟಿಮೀಟರ್. ಗಗನಯಾತ್ರಿ ಕೊಯಿಚಿ ವಕಾತಾ ಅದರೊಂದಿಗೆ ಜಪಾನಿ ಭಾಷೆಯಲ್ಲೇ ಹರಟಿದರು.

ವ್ಯೋಮಮಿತ್ರಳಿಗೆ ಹಿಂದಿ, ಇಂಗ್ಲಿಷ್ ಬರುತ್ತದೆ. ಲೋಕದೆದುರು ಆಕೆ ಮೊದಲು ಬಾಯಿ ತೆರೆದದ್ದು ಬೆಂಗಳೂರಿನಲ್ಲಿ. ಆ ಸಲುಗೆಯಿಂದ ಕೇಳುತ್ತೇನೆ: ಆಕೆಗೆ ನಾಲ್ಕು ಮಾತು ಕನ್ನಡವನ್ನೂ ಕಲಿಸಿ.