ಶಬ್ದದ ಹುಟ್ಟು, ಶಬ್ದದ ಬಾಳು

ಹೊಸ ಶಬ್ದಗಳನ್ನು ಟಂಕಿಸಿದ ಇಂಗ್ಲಿಷ್ ಲೇಖಕರ ಮಾತು ಬಂದಾಗಲೆಲ್ಲ ಲೂಯಿ ಕ್ಯಾರಲ್‌ನ ಹೆಸರು ಬಂದೇ ಬರುತ್ತದೆ. 1871ರಲ್ಲಿ ಹೊರಬಂದ ‘ಥ್ರೂ ದ ಲುಕಿಂಗ್ ಗ್ಲಾಸ್’ ಪುಸ್ತಕದಲ್ಲಿ ಹಂಪ್ಟಿ ಡಂಪ್ಟಿ ಎಂಬ ಮೊಟ್ಟೆಯಾಕಾರದ ಮಹಾಶಯ ‘ಸ್ಲೈದಿ’ ಎಂಬ ಮಾತನ್ನು ಆಲಿಸಳಿಗೆ ಬಿಡಿಸಿ ಹೇಳುತ್ತಾನೆ. ಬಳುಕು ಎಂಬರ್ಥದ ‘ಲೈದ್’, ಲೋಳೆ ಎಂಬರ್ಥದ ‘ಸ್ಲೈಮಿ’ ಇವೆರಡೂ ಅದರಲ್ಲಿ ಅಡಗಿವೆಯಂತೆ. ಇದು ನಮ್ಮ ಸಮಾಸವಲ್ಲ. ಸಮಾಸದಲ್ಲಿ ಪದಗಳು ಒಂದರ ಪಕ್ಕದಲ್ಲೊಂದು ಕೂರುತ್ತವೆ. ಇಲ್ಲಿ ಒಂದು ಇನ್ನೊಂದರ ಹೊಟ್ಟೆಯನ್ನೇ ಹೊಕ್ಕಿದೆ.

ವಿದ್ಯಾರ್ಥಿಯಾಗಿದ್ದಾಗ ಈ ಜಾಣ್ಮೆಯನ್ನೇ ನಾನು ದೊಡ್ಡ ಗೆಲುವೆಂದು ಬಗೆದಿದ್ದೆ. ಈಗ ಹಾಗೆ ತೋರುವುದಿಲ್ಲ. ಅದೇ ಕವಿತೆಯಲ್ಲಿ, ಅದೇ ಉಪಾಯದಿಂದ ಹುಟ್ಟಿದ ‘ಚಾರ್ಟಲ್’ ಎಂಬ ಮಾತು ಇಂದು ಎಲ್ಲ ಇಂಗ್ಲಿಷ್ ನಿಘಂಟುಗಳಲ್ಲೂ ಇದೆ. ‘ಸ್ಲೈದಿ’ಯಾದರೋ ಕವಿತೆಯೊಳಗೇ ಉಳಿಯಿತು. ಕರ್ತೃ ಒಬ್ಬನೇ, ಕೈಚಳಕವೂ ಒಂದೇ; ಫಲ ಮಾತ್ರ ಬೇರೆ. ಗಂಟಲಲ್ಲೂ ಮೂಗಿನಲ್ಲೂ ಒಟ್ಟಿಗೆ ಹೊರಡುವ ನಗೆಗೆ ಜನರಿಗೊಂದು ಹೆಸರು ಬೇಕಾಗಿತ್ತು, ಸಿಕ್ಕಿತು. ಹೊಗೆಯೂ ಮಂಜೂ ಕಲೆತ ಲಂಡನ್ನಿನ ಗಾಳಿಗೆ ‘ಸ್ಮಾಗ್’ ಎಂಬ ಹೆಸರು ಅಂಟಿದ್ದೂ ಹೀಗೆಯೇ.

ಜೇಮ್ಸ್ ಜಾಯ್ಸ್‌ನ ‘ಫಿನಿಗನ್ಸ್ ವೇಕ್’ (1939) ಇಂಥ ಬೆಸುಗೆಗಳ ಕಾಡು. ಅದರೊಳಗಿಂದ ಹೊರಬಂದು ಹೆಸರಾದದ್ದು ‘ಕ್ವಾರ್ಕ್’. ಅದನ್ನು ಕರೆತಂದವನೂ ಸಾಹಿತಿಯಲ್ಲ: 1964ರಲ್ಲಿ ಗೆಲ್‌ಮನ್ ಎಂಬ ಭೌತವಿಜ್ಞಾನಿ. ಧ್ವನಿ ಮೊದಲೇ ಅವನ ಮನಸ್ಸಿನಲ್ಲಿತ್ತು. ಜಾಯ್ಸ್ ಕೊಟ್ಟದ್ದು ಅಕ್ಷರವನ್ನು. ಇನ್ನು ಜಾರ್ಜ್ ಆರ್ವೆಲ್ 1949ರ ಕಾದಂಬರಿಯಲ್ಲಿ, ಜನರ ಆಲೋಚನೆಯನ್ನೇ ಕುಗ್ಗಿಸುವ ಸರ್ಕಾರಿ ಭಾಷೆಯೊಂದನ್ನು ಕಲ್ಪಿಸಿದ. ಅದರ ‘ಡಬಲ್‌ಥಿಂಕ್’ ಇಂದು ಅಧಿಕಾರದ ಸುಳ್ಳನ್ನು ಬಯಲಿಗೆಳೆಯುವವರ ಬಾಯಲ್ಲಿದೆ. ಬಾಯಿ ಕಟ್ಟಲೆಂದು ಕಲ್ಪಿಸಿದ ಶಬ್ದವೇ ಬಾಯಿ ಬಿಡಿಸಿತು!

ಆದುದರಿಂದ, ಎಷ್ಟು ಶಬ್ದ ಟಂಕಿಸಿದನೆಂದು ಎಣಿಸಿ ಲೇಖಕನನ್ನು ಹೊಗಳುವ ವಿಮರ್ಶೆ ನನಗೆ ಒಪ್ಪಿಗೆಯಿಲ್ಲ. ಹಾಗೆಂದು, ನಿಘಂಟು ಸೇರದ ಶಬ್ದ ಸೋತಿತೆನ್ನುವುದೂ ಸಲ್ಲದು. ‘ಸ್ಲೈದಿ’ ತನ್ನ ಕವಿತೆಯಲ್ಲಿ ಇಂದಿಗೂ ಜೀವಂತವಾಗಿದೆ. ಅಲ್ಲಿಂದ ಅದನ್ನು ಕಿತ್ತರೆ ಸಾಲೇ ಕುಸಿದೀತು. ಕೃತಿಯಲ್ಲಿ ಶಬ್ದ ಸಲ್ಲುವುದು ಒಂದು ಮಾತು, ನಾಡಿನಲ್ಲಿ ಸಲ್ಲುವುದು ಇನ್ನೊಂದು. ಮೊದಲನೆಯದಕ್ಕೆ ಲೇಖಕ ಹೊಣೆ. ಎರಡನೆಯದಕ್ಕೆ, ಅವನ ಹೆಸರನ್ನೂ ಕೇಳಿರದ ಜನ.